ಬೀಳುವವನ ಹೆಂಡತಿ

ನನ್ನ ಗಂಡನ ಕೆಲಸ ಬೀಳುವುದಾಗಿತ್ತು. ಸಿನಿಮಾದಲ್ಲಿ ನಾಯಕ ಮಹಡಿಯಿಂದಲೋ ಕುದುರೆಯ ಮೇಲಿಂದಲೋ ಬೀಳಬೇಕಾದಾಗ ಅವನದೇ ಬಟ್ಟೆ ತೊಟ್ಟು ಅವನ ಬದಲಿಗೆ ಬೀಳುವವನೊಬ್ಬ ಇರುತ್ತಾನೆ. ಅವನನ್ನು ಡೂಪ್ ಅನ್ನುತ್ತಾರೆ. ನನ್ನದು ದನಿ ಕೊಡುವ ಕೆಲಸ. ಕನ್ನಡ ಬಾರದ ನಾಯಕಿಯರು ಪರದೆಯ ಮೇಲೆ ತುಟಿ ಆಡಿಸುತ್ತಿದ್ದರು, ಮಾತು ನನ್ನದಿರುತ್ತಿತ್ತು. ನಾವಿಬ್ಬರೂ ಮದ್ರಾಸಿನಲ್ಲಿ ಬದುಕು ಕಟ್ಟಿಕೊಳ್ಳಲು ಹೋದದ್ದು, ಅವರು ಅಲ್ಲಿಂದ ಹೇಗೆ ವಾಪಸಾದರು, ನಾನು ಹೇಗೆ ಅಲ್ಲೇ ಉಳಿದೆ ಅನ್ನುವುದನ್ನು ಇಷ್ಟು ದಿನ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮಪ್ಪ ಬೇಲೂರಿನ ಬಂಗಲೆಯಲ್ಲಿ ಮೇಟಿ. ಗುಡಿ ನೋಡಲು ಬರುವ ಸಾಹೇಬರುಗಳಿಗೆ ಕೋಣೆ ತೆರೆದುಕೊಡುವುದು, ಬಿಸಿನೀರು ಕಾಯಿಸುವುದು, ಅಡುಗೆ, ಕಾವಲು ಎಲ್ಲ ಅವರದೇ. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ಬೇಸಿಗೆ ಮದ್ರಾಸಿನಿಂದ ಸಿನಿಮಾದವರು ಬಂದಿಳಿದರು. ಶೂಟಿಂಗು ಹಳೇಬೀಡಿನಲ್ಲಿ, ವಾಸ ನಮ್ಮ ಬಂಗಲೆಯಲ್ಲಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ಅಷ್ಟು ಜನರ ಅಡುಗೆ ಅಪ್ಪ ಒಬ್ಬರಿಂದಲೇ ಆಗದೆ ನಾನೂ ಅವ್ವನೂ ಬಂಗಲೆಯ ಹಿತ್ತಲಿನ ಒಲೆಯ ಮುಂದೆ ಕೂತೆವು.

ನಾಯಕಿ ಬೊಂಬಾಯಿ ಕಡೆಯವಳು. ಸಂಭಾಷಣೆಯನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ವರಾಂಡದಲ್ಲಿ ಓಡಾಡುತ್ತ ಬಾಯಿಪಾಠ ಮಾಡುತ್ತಿದ್ದಳು. ಕಾಫಿ ಕೊಡಲು ಹೋದ ನನಗೆ ಅವಳು ಹೇಳುತ್ತಿದ್ದದ್ದು ಕೇಳಿ ನಗು ಬಂತು. ಸಹಾಯಕ ನಿರ್ದೇಶಕರಾಗಿದ್ದ ತೆಳ್ಳಗಿನ ತರುಣರೊಬ್ಬರು ಅದನ್ನು ಕಂಡು, "ನಗೋದಲ್ಲಮ್ಮ, ಬಂದು ಹೇಳಿಕೊಡು. ತುಟಿ ಸರಿಯಾಗಿ ಆಡದೇ ಇದ್ರೆ ಆಮೇಲೆ ದನಿ ಕೂರಲ್ಲ" ಅಂದರು. ಅಪ್ಪನ ಮುಖ ನೋಡಿದೆ. ಅಪ್ಪ ತಲೆಯಾಡಿಸಿದರು. ಮರುದಿನದಿಂದ ಹಳೇಬೀಡಿನ ಬಿಸಿಲಲ್ಲಿ ಕ್ಯಾಮೆರಾದ ಕೆಳಗೆ ಕೂತು ಆಕೆಗೆ ಒಂದೊಂದೇ ಮಾತು ಹೇಳಿಕೊಡುವುದು ನನ್ನ ಕೆಲಸವಾಯಿತು.

ಅಲ್ಲಿಗೆ ಮಾದಿಹಳ್ಳಿಯಿಂದ ಒಂದಷ್ಟು ಜನ ಸೈನಿಕರ ವೇಷ ಹಾಕಲು ಬಂದಿದ್ದರು. ಅವರಲ್ಲಿ ಒಬ್ಬ ನಮಗೆ ದೂರದ ನಂಟ. ತೆಂಗಿನ ಮರ ಹತ್ತುವುದರಲ್ಲಿ ಆ ಸುತ್ತಿಗೆಲ್ಲ ಗಟ್ಟಿಗ ಅನ್ನಿಸಿಕೊಂಡಿದ್ದವ. ಕೆರೆ ಏರಿಯ ಮೇಲಿಂದ ಒಬ್ಬ ನೀರಿಗೆ ಉರುಳುವ ದೃಶ್ಯವಿತ್ತು. ಮದ್ರಾಸಿನಿಂದ ಬಂದಿದ್ದ ಆಳಿಗೆ ಕಾಲು ಉಳುಕಿತ್ತು. ಫೈಟ್ ಮಾಸ್ಟರ್ ಬೈಯುತ್ತ ನಿಂತಿದ್ದಾಗ ಈ ಮನುಷ್ಯ ಮುಂದೆ ಬಂದು, "ನಾನ್ ಬೀಳ್ತೀನಿ ಬುಡಿ" ಅಂದ. ಬಿದ್ದ. ಮೇಲೆದ್ದು ಬಂದು ಮೀಸೆಯ ನೀರು ಹಿಂಡಿಕೊಳ್ಳುತ್ತ, "ಇನ್ನೊಂದ್ಸಲ ಬೇಕಾ?" ಅಂತ ಕೇಳಿದ. ಎಲ್ಲರೂ ನಕ್ಕರು. ಫೈಟ್ ಮಾಸ್ಟರ್ ಅವನ ಬೆನ್ನು ತಟ್ಟಿ ಮದ್ರಾಸಿಗೆ ಬರಲು ಹೇಳಿ ಹೋದರು.

ಎರಡು ವರ್ಷದ ಮೇಲೆ, ಅವತ್ತು ನೀರಿಗೆ ಬಿದ್ದ ಆ ನಂಟರು ಮದ್ರಾಸಿನಿಂದ ಪ್ಯಾಂಟು ತೊಟ್ಟು ಊರಿಗೆ ಬಂದಾಗ ಅಪ್ಪ ನನ್ನನ್ನು ಅವರಿಗೆ ಕೊಡುವ ಮಾತೆತ್ತಿದರು. ಒಪ್ಪದೇ ಇದ್ದವರು ಒಬ್ಬರೇ, ಅವರ ತಾಯಿ. "ಬೀಳೋದನ್ನ ಕೆಲ್ಸ ಅಂತಾರೇನ್ಲಾ? ಎದ್ದು ನಿಲ್ಲೋದನ್ನ ಕೆಲ್ಸ ಅಂತಾರೆ. ಇವನ್ನ ನಂಬಿ ಆ ಹುಡ್ಗೀನ ಕಳುಸ್ತಾರಂತೆ" ಎಂದು ಮಗನ ಮುಂದೆಯೇ ಅಂದರಂತೆ. ಆದರೂ ಅರಸೀಕೆರೆಯ ಮಾಲೇಕಲ್ಲಿನ ಬೆಟ್ಟದ ಗುಡಿಯಲ್ಲಿ ಮದುವೆಯಾಯಿತು. ಬೆಟ್ಟದ ಮೇಲಕ್ಕೆ ಅತ್ತೆಯನ್ನು ಕೈ ಹಿಡಿದು ಹತ್ತಿಸಿದವಳು ನಾನೇ. ಇಳಿಯುವಾಗ ಅವರೇ ನನ್ನ ಕೈ ಹಿಡಿದುಕೊಂಡರು.

ಮದ್ರಾಸಿನಲ್ಲಿ ಕನ್ನಡ ಸಿನಿಮಾ ಅಂದರೆ ದೊಡ್ಡ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸಂಸಾರದ ಹಾಗೆ. ತಮಿಳಿನವರು, ತೆಲುಗಿನವರು, ಹಿಂದಿಯವರು ಬಿಟ್ಟುಕೊಟ್ಟ ದಿನಗಳಲ್ಲಿ ನಮ್ಮವರಿಗೆ ಸ್ಟುಡಿಯೋ ಸಿಗುತ್ತಿತ್ತು. ಕೆಲಸಗಾರರು ಅಷ್ಟೇ ಜನ, ಎಲ್ಲರಿಗೂ ಎಲ್ಲರೂ ಗೊತ್ತು. ಯಾರ ಮನೆಯಲ್ಲಿ ಇವತ್ತು ಅಡುಗೆಯಾಗಿಲ್ಲ ಎನ್ನುವುದೂ ಗೊತ್ತಾಗುತ್ತಿತ್ತು. ಕೋಡಂಬಾಕ್ಕಮ್ಮಿನ ಒಂದು ವಠಾರದಲ್ಲಿ ನಮಗೊಂದು ಕೋಣೆ. ಪಕ್ಕದಲ್ಲಿ ಮೇಕಪ್ಪಿನವರು, ಎದುರಿಗೆ ಲೈಟಿನವರು. ನೀರಿಗೆ ಜಗಳ, ಹಬ್ಬಕ್ಕೆ ಒಟ್ಟಿಗೆ ಊಟ.

ಇವರು ಸಂಜೆ ಬಂದರೆಂದರೆ ಅಂಗಿ ಬಿಚ್ಚಿಸಿ ನೋಡುತ್ತಿದ್ದೆ. ಬೆನ್ನು, ಪಕ್ಕೆ, ಮೊಣಕೈಗಳ ಮೇಲೆ ಹೊಸದೊಂದು ನೀಲಿ ಗಾಯ ಇಲ್ಲದ ದಿನವಿರಲಿಲ್ಲ. ಉಪ್ಪಿನ ಗಂಟು ಬಿಸಿ ಮಾಡಿ ಒತ್ತುತ್ತಿದ್ದೆ. "ನೋವಾಗಲ್ವೇನ್ರೀ?" ಅಂದರೆ, "ನೆಲ ನೋಡಬಾರ್ದು ಕಣೇ. ನೋಡಿದ್ರೆ ಮೈ ಬಿಗೀತದೆ. ಬಿಗಿದ್ರೆ ಮುರೀತದೆ. ಅಷ್ಟೇಯ ಈ ವಿದ್ಯೆ" ಅನ್ನುವರು. ಬೀಳುವ ಜಾಗದಲ್ಲಿ ಹುಲ್ಲು, ಅದರ ಕೆಳಗೆ ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸುತ್ತಾರೆ, ಆ ಡಬ್ಬಗಳು ಅಪ್ಪಚ್ಚಿಯಾಗುತ್ತ ಪೆಟ್ಟನ್ನು ನುಂಗಿಕೊಳ್ಳುತ್ತವೆ ಎಂದು ವಿವರಿಸಿದ್ದರು. ಅದನ್ನು ಕೇಳಿ ನನಗೆ ಸ್ವಲ್ಪ ಧೈರ್ಯ ಬಂದಿತ್ತು.

ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಬುತ್ತಿ ಕೊಡಲು ಹೋದಾಗ ಬೇಲೂರಿನಲ್ಲಿ ನಾಯಕಿಗೆ ಮಾತು ಹೇಳಿಕೊಡಲು ನನ್ನನ್ನು ಕರೆದಿದ್ದ ಸಹಾಯಕ ನಿರ್ದೇಶಕರು ಎದುರಾದರು. "ಬಂಗಲೆ ಮೇಟಿ ಮಗಳಲ್ವಾ ನೀನು?" ಎಂದು ಗುರುತು ಹಿಡಿದವರು ಅಲ್ಲಿಂದಲೇ ಡಬ್ಬಿಂಗ್ ಕೋಣೆಗೆ ಕರೆದುಕೊಂಡು ಹೋದರು. ಸಂತೆಯ ಗದ್ದಲಕ್ಕೆ ಹೆಂಗಸರ ದನಿ ಬೇಕಾಗಿತ್ತು. "ಸೊಪ್ಪು ಹೆಂಗಮ್ಮಾ ಕಟ್ಟು?" ಎಂದು ಕೂಗಿದೆ. ಅದೇ ನಾನು ಸಿನಿಮಾದಲ್ಲಿ ಆಡಿದ ಮೊದಲ ಮಾತು. ಆಮೇಲೆ ಅಳುವ ಮಗು, ಬೈಯುವ ಮುದುಕಿ, ನಾಯಕಿಯ ಗೆಳತಿ. ಹೀಗೆ ಮೂರು ನಾಲ್ಕು ವರ್ಷ ಸಣ್ಣಪುಟ್ಟ ದನಿಗಳು. ದೊಡ್ಡ ದನಿ ಯಾರೂ ಕೊಡಲಿಲ್ಲ. ಆದರೂ ಇಬ್ಬರೂ ದುಡಿಯುತ್ತಿದ್ದೆವು, ಇಬ್ಬರೂ ನಗುತ್ತಿದ್ದೆವು. ಮಕ್ಕಳಾಗಲಿಲ್ಲ ಎನ್ನುವ ಕೊರಗೊಂದು ಇತ್ತು. ಅದು ಅತ್ತೆ ಬಂದಾಗ ಮಾತ್ರ ಬಾಯಿಗೆ ಬರುತ್ತಿತ್ತು.

ಅಷ್ಟರಲ್ಲಿ ಆ ಸಹಾಯಕ ನಿರ್ದೇಶಕರಿಗೆ ಸ್ವಂತ ನಿರ್ದೇಶನದ ಮೊದಲ ಚಿತ್ರ ಸಿಕ್ಕಿತು. ಸಂತೋಷದಿಂದ ನಮ್ಮ ಕೋಣೆಗೇ ಬಂದು ಹೇಳಿ, ಚಾಪೆಯ ಮೇಲೆ ಕೂತು ಉಪ್ಪಿಟ್ಟು ತಿಂದು ಹೋದರು. ಅರಸೀಕೆರೆಯ ಹತ್ತಿರದ ಒಂದು ಬಂಡೆಗುಡ್ಡದಲ್ಲಿ ಕೊನೆಯ ಹೊಡೆದಾಟ. ನಾಯಕ ಬಂಡೆಯಿಂದ ಉರುಳಬೇಕು, ನಾಯಕಿ ಕಿರುಚಬೇಕು. ಬೀಳುವವರು ಇವರೇ. "ನಮ್ಮೂರ ಕಡೆ ನಮ್ಮ ನೆಲದ ಮೇಲೇ ಬೀಳೋದು, ಪುಣ್ಯ ಬೇಕು" ಎಂದು ಹೊರಟರು. ಶೂಟಿಂಗ್ ಮುಗಿಸಿ ಮಾದಿಹಳ್ಳಿಗೆ ಹೋಗಿ ತಾಯಿಯನ್ನು ನೋಡಿಕೊಂಡು ಬರುವುದಾಗಿ ಹೇಳಿದ್ದರು.

ವಠಾರದ ಮೂಲೆಯ ದಿನಸಿ ಅಂಗಡಿಗೆ ಫೋನು ಬಂತು. ಅಂಗಡಿಯವರು ತಮಿಳಿನಲ್ಲಿ ಹೇಳಿದ್ದು ನನಗೆ ಅರ್ಥವಾಯಿತು, ಆದರೂ ಅರ್ಥವಾಗದವಳ ಹಾಗೆ ಮತ್ತೆ ಮತ್ತೆ ಕೇಳಿದೆ. ಪಕ್ಕದ ಮನೆಯ ಮೇಕಪ್ಪಿನವರು ರೈಲು ಹತ್ತಿಸಿದರು. ಬೆಂಗಳೂರಿನಲ್ಲಿ ಗಾಡಿ ಬದಲಾಯಿಸಿ ಅರಸೀಕೆರೆಯಲ್ಲಿ ಇಳಿದಾಗ ಮೈದುನ ನಿಂತಿದ್ದ. "ಜೀವಕ್ಕೇನಿಲ್ಲ ಅತ್ಗೆ" ಅಂದ. ಅಲ್ಲಿಂದ ಹಾಸನದ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದ.

ಇವರು ಮಲಗಿದ್ದರು. ಮುಖಕ್ಕೆ ಒಂದು ತರಚು ಗಾಯವೂ ಇರಲಿಲ್ಲ. ನನ್ನನ್ನು ಕಂಡು, "ಕಾಲು ನೆಟ್ಟಗವಾ ನೋಡೇ. ಎಲ್ಲಿ ಅವೆ ಅಂತ್ಲೇ ಗೊತ್ತಾಯ್ತಿಲ್ಲ" ಅಂದರು. ಕಂಬಳಿ ಸರಿಸಿ ನೋಡಿದೆ. ನೆಟ್ಟಗೇ ಇದ್ದವು. ಹಾಗಂತ ಹೇಳಿದೆ. "ಹಂಗಾದ್ರೆ ಸರಿ" ಅಂದು ಕಣ್ಣು ಮುಚ್ಚಿಕೊಂಡರು. ಬೆನ್ನುಮೂಳೆ ಮುರಿದಿದೆ, ಸೊಂಟದ ಕೆಳಗೆ ಇನ್ನು ಸ್ವಾಧೀನ ಬರುವುದಿಲ್ಲ ಎಂದು ಡಾಕ್ಟರು ಆಮೇಲೆ ನನಗೆ ಹೇಳಿದರು. ಇವರಿಗೆ ಹೇಳುವ ಕೆಲಸವನ್ನೂ ನನಗೇ ಬಿಟ್ಟರು.

ನಡೆದದ್ದನ್ನು ತಂಡದವರೊಬ್ಬರು ಹೇಳಿದರು. ಮೊದಲ ಸಲ ಬಿದ್ದು ಎದ್ದು ಬಂದರಂತೆ. ನಿರ್ದೇಶಕರಿಗೆ ಸಮಾಧಾನವಾಗದೆ ಇನ್ನೊಂದು ಸಲ ಎಂದರಂತೆ. ಬೆಳಕು ಹೋಗುತ್ತಿತ್ತು. ಅವಸರದಲ್ಲಿ ಡಬ್ಬಗಳನ್ನು ಬದಲಾಯಿಸಲಿಲ್ಲ, ಮೊದಲೇ ಅಪ್ಪಚ್ಚಿಯಾಗಿದ್ದವುಗಳ ಮೇಲೆಯೇ ಹುಲ್ಲು ಹರಡಿದರು. ಮೇಲಿಂದ ನೋಡಿದವರಿಗೆ ಹುಲ್ಲು ಮಾತ್ರ ಕಾಣುತ್ತಿತ್ತು. ನಿರ್ದೇಶಕರು ಆಸ್ಪತ್ರೆಗೆ ಬಂದು ಬಾಗಿಲಲ್ಲಿ ನಿಂತು ಅತ್ತರು. ಇವರು ಮಲಗಿದಲ್ಲಿಂದಲೇ, "ಅಳಬ್ಯಾಡಿ ಸಾರ್, ಮೊದಲ್ನೇ ಪಿಚ್ಚರು" ಅಂದರು.

ಮಾದಿಹಳ್ಳಿಗೆ ಕರೆದುಕೊಂಡು ಬಂದೆವು. ತಿರುಗಿಸಿ ಮಲಗಿಸುವುದು, ಒರೆಸುವುದು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚುವುದು, ಎಲ್ಲವನ್ನೂ ಅತ್ತೆಯೂ ನಾನೂ ಕಲಿತೆವು. ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಅತ್ತೆಯೇ ಮಾತು ತೆಗೆದರು.

"ನೀನು ಮದ್ರಾಸಿಗೆ ಹೋಗವ್ವ."

"ಇವರನ್ನ ಬಿಟ್ಟಾ?"

"ನಾನಿವ್ನಿ. ಇಬ್ರೂ ಅವನ ಮುಂದೆ ಕೂತು ಮೊಕ ನೋಡ್ಕೊಂಡಿದ್ರೆ ಅವನಿಗೇನು ಸಿಕ್ತದೆ? ಔಸ್ದಿ ತರಕ್ಕೆ ಒಬ್ರು ದುಡೀಬೇಕು. ನಂಗೆ ದುಡಿಯಕ್ಕೆ ಬರಾಕಿಲ್ಲ, ನೋಡ್ಕಳಕ್ಕೆ ಬತ್ತದೆ."

ಹೋದೆ. ಬಸ್ಸು ಬರುವ ಹೊತ್ತಿಗೆ ಗೋಡೆಯ ಕಡೆ ಮುಖ ಮಾಡಿಸು ಎಂದು ಇವರು ಅತ್ತೆಗೆ ಹೇಳಿದ್ದು ಕೇಳಿಸಿತು.

ಮದ್ರಾಸಿನಲ್ಲಿ ಸಿಕ್ಕಿದ ಕೆಲಸಕ್ಕೆಲ್ಲ ಹೋಗುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಡಬ್ಬಿಂಗ್ ನೋಡಿಕೊಳ್ಳುವವರು ಕರೆಸಿದರು. ಒಬ್ಬ ನಾಯಕಿಗೆ ಮಾತಾಡಿದ್ದವಳಿಗೆ ಗಂಟಲು ಕಟ್ಟಿದೆ, ಉಳಿದ ಕೊನೆಯ ಭಾಗವನ್ನು ನಿನ್ನ ದನಿಯಲ್ಲಿ ಹೊಂದಿಸು ಅಂದರು. ಯಾವ ಚಿತ್ರ ಎಂದು ನಾನು ಕೇಳಲಿಲ್ಲ. ಯಾವುದಾದರೂ ನನಗೆ ಒಂದೇ ಆಗಿತ್ತು.

ಆಗ ಡಬ್ಬಿಂಗ್ ಅಂದರೆ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಎರಡು ತುದಿಯನ್ನೂ ಅಂಟಿಸಿ ಯಂತ್ರಕ್ಕೆ ಹಾಕುತ್ತಿದ್ದರು. ಅದೇ ತುಂಡು ಮುಗಿದು, ಮತ್ತೆ ಮೊದಲಾಗಿ, ಮತ್ತೆ ಮುಗಿದು, ನಮ್ಮ ದನಿ ತುಟಿಗೆ ಸರಿಯಾಗಿ ಕೂರುವವರೆಗೂ ಪರದೆಯ ಮೇಲೆ ಸುತ್ತುತ್ತಲೇ ಇರುತ್ತಿತ್ತು. ನಾನು ಮೈಕಿನ ಮುಂದೆ ನಿಂತೆ. ದೀಪ ಆರಿತು. ಪರದೆಯ ಮೇಲೆ ನಮ್ಮ ಕಡೆಯ ಬಂಡೆಗುಡ್ಡ ಬಂತು.

ಆ ಹೊತ್ತಿಗೆ ಬಾಗಿಲು ತೆರೆದು ಒಳಗೆ ಬಂದ ನಿರ್ದೇಶಕರು ಮೈಕಿನ ಮುಂದೆ ನಿಂತವಳು ನಾನೆಂದು ನೋಡಿ ಅಲ್ಲೇ ನಿಂತುಬಿಟ್ಟರು. ಯಂತ್ರ ನಿಲ್ಲಿಸಿ ಎಂದು ಕೈ ಮಾಡಿದರು.

"ಬೇರೆ ಯಾರನ್ನಾದ್ರೂ ಕರೆಸೋಣಮ್ಮ. ನನಗೆ ಗೊತ್ತಿರಲಿಲ್ಲ, ನಿನ್ನನ್ನ ಕರೆಸಿದ್ದಾರೆ ಅಂತ."

"ಬೇಡ ಸಾರ್, ನಾನೇ ಮಾಡ್ತೀನಿ."

ಕೆಲಸ ಬೇಕಾಗಿತ್ತು ಅನ್ನುವುದು ನಿಜ. ಅದಕ್ಕಿಂತ ಹೆಚ್ಚಾಗಿ, ನೋಡಬೇಕಾಗಿತ್ತು. ಅದುವರೆಗೂ ಎಲ್ಲರೂ ಹೇಳಿದ್ದನ್ನು ಕೇಳಿದ್ದೆನೇ ಹೊರತು ಏನು ನಡೆಯಿತೆಂದು ನನ್ನ ಕಣ್ಣಿಗೆ ಕಂಡಿರಲಿಲ್ಲ.

ತುಂಡು ಓಡಿತು. ಬಂಡೆಯ ಅಂಚಿನಲ್ಲಿ ನಾಯಕನ ಅಂಗಿ ತೊಟ್ಟ ಇವರು, ಕ್ಯಾಮೆರಾಕ್ಕೆ ಬೆನ್ನು. ಹಿಂದಕ್ಕೆ ವಾಲಿದರು. ಕತ್ತಿಗೆ ಹಾಕಿಕೊಂಡಿದ್ದ ವಲ್ಲಿಬಟ್ಟೆ ಹಾರಿ ಮುಖಕ್ಕೆ ಸುತ್ತಿಕೊಂಡಿತು. ಕೈಗಳು ಅಗಲವಾದವು. ನೆಲ ಮುಟ್ಟುವ ಮುಂಚೆ ಚಿತ್ರ ನಾಯಕಿಯ ಮುಖಕ್ಕೆ ಹೋಯಿತು. ಅವಳ ಬಾಯಿ ತೆರೆಯಿತು. ನಾನು ಸುಮ್ಮನೆ ನಿಂತಿದ್ದೆ. ಮತ್ತೆ ಇವರು ಬಂಡೆಯ ಅಂಚಿನಲ್ಲಿದ್ದರು.

"ಅಮ್ಮಾ, ದನಿ" ಎಂದು ಕೋಣೆಯಾಚೆಯಿಂದ ಧ್ವನಿ ಹಿಡಿಯುವವರು ಮೆಲ್ಲಗೆ ಅಂದರು.

ಮುಂದಿನ ಸುತ್ತಿಗೆ ಕಿರುಚಿದೆ. ಆ ದನಿ ನನ್ನೊಳಗೆ ಇತ್ತೆಂದು ನನಗೇ ತಿಳಿದಿರಲಿಲ್ಲ. ದನ ಕಡಿಯುವಾಗ ಬರುವಂಥದು. ಅದು ಮುಗಿದ ಮೇಲೆ ಧ್ವನಿ ಹಿಡಿಯುವವರು ಗಾಜಿನಾಚೆಯಿಂದ ನಿರ್ದೇಶಕರಿಗೆ ಏನೋ ಹೇಳಿದರು. ನಿರ್ದೇಶಕರು ನೆಲ ನೋಡಿಕೊಂಡು ನನ್ನ ಹತ್ತಿರ ಬಂದರು.

"ಹೀರೋಯಿನ್ ದನಿ ಅಲ್ವಾಮ್ಮ. ಇಷ್ಟು ಒರಟಾದ್ರೆ ಆ ಮುಖಕ್ಕೆ ಕೂರಲ್ಲ. ಸ್ವಲ್ಪ ಮೃದುವಾಗಿ... ತಪ್ಪು ತಿಳಿಯಬೇಡ."

ತಪ್ಪು ತಿಳಿಯಲಿಲ್ಲ. ಅವರು ಹೇಳಿದ್ದು ಸರಿಯಾಗಿತ್ತು. ಆ ಹುಡುಗಿಯ ಬಣ್ಣ ಹಚ್ಚಿದ ಮುಖಕ್ಕೆ ನನ್ನ ಕೂಗು ಕೂರುತ್ತಿರಲಿಲ್ಲ. ಇವರು ಮತ್ತೆ ಮತ್ತೆ ಬಿದ್ದರು, ನಾನು ಸ್ವಲ್ಪ ಸ್ವಲ್ಪವೇ ದನಿಯನ್ನು ತೆಳುವಾಗಿಸುತ್ತ ಬಂದೆ. ಕೊನೆಗೆ ಒಂದು ಕೂಗು ಅವಳ ತುಟಿಗೆ ಸರಿಯಾಗಿ ಕೂತಿತು. ಎಲ್ಲರಿಗೂ ಒಪ್ಪಿಗೆಯಾಯಿತು. ಹೊರಗೆ ಬಂದು ನಲ್ಲಿಯ ಕೆಳಗೆ ತಲೆಯೊಡ್ಡಿ ಕೂತೆ.

ಚಿತ್ರ ಚೆನ್ನಾಗಿ ಓಡಿತು. "ಆ ಕೊನೆ ಸೀನಿನ ದನಿ ಯಾರದು?" ಎಂದು ಕೇಳಿಕೊಂಡು ನಿರ್ಮಾಪಕರು ಬರತೊಡಗಿದರು. ಅಲ್ಲಿಂದ ನನಗೆ ದೊಡ್ಡ ದನಿಗಳು ಸಿಕ್ಕವು. ನನ್ನ ಕಸುಬು ನಿಂತದ್ದು ಆ ಒಂದು ಕೂಗಿನ ಮೇಲೆ.

ಅರಸೀಕೆರೆಯ ಟಾಕೀಸಿಗೆ ಚಿತ್ರ ಬಂದಾಗ ನಾನು ಊರಿನಲ್ಲಿದ್ದೆ. ಇವರು ನೋಡಲೇಬೇಕು ಅಂದರು. ಅತ್ತೆ ಬೇಡವೆಂದು ಗಲಾಟೆ ಮಾಡಿದರು. "ಅವ್ವ, ನನ್ ಕೆಲ್ಸ ನಾನ್ ನೋಡಬಾರ್ದಾ?" ಅಂದಮೇಲೆ ಸುಮ್ಮನಾದರು. ಮೈದುನ ತೆಂಗಿನಕಾಯಿ ಸಾಗಿಸುವ ವ್ಯಾನೊಂದನ್ನು ಗೊತ್ತುಮಾಡಿ, ಅದರಲ್ಲಿ ಹಾಸಿಗೆ ಹಾಸಿದ. ಮ್ಯಾಟಿನಿಗೆ ಹೋದೆವು. ಟಾಕೀಸಿನವರು ಗೋಡೆಯ ಬದಿಗೆ ಎರಡು ಬೆಂಚು ಜೋಡಿಸಿಕೊಟ್ಟರು. ಇವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟು ಎತ್ತಿ ಹಿಡಿದುಕೊಂಡೆ.

ಬೀಳುವ ದೃಶ್ಯಕ್ಕೆ ಟಾಕೀಸೆಲ್ಲ ಸಿಳ್ಳೆ ಹೊಡೆಯಿತು. ನನ್ನ ದನಿ ಆ ಸಿಳ್ಳೆಯಲ್ಲಿ ಅರ್ಧ ಮುಚ್ಚಿಹೋಯಿತು. ಇವರು ಪರದೆಯಿಂದ ಕಣ್ಣು ತೆಗೆಯದೆ ನೋಡಿದರು. ಚಿತ್ರ ಮುಗಿದು ಜನ ಹೋದ ಮೇಲೆ ಇವರನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿ ಹೊರಟೆವು. ಬಾಣಾವರದ ಗೇಟು ದಾಟಿದ ಮೇಲೆ ಇವರು ಅಂದರು:

"ಅದು ಮೊದಲ್ನೇ ಸಲದ್ದು ಕಣೇ."

"ಯಾವುದು?"

"ಪಿಚ್ಚರಲ್ಲಿ ಹಾಕವ್ರಲ್ಲ, ಅದು. ವಲ್ಲಿ ಮೊಕಕ್ಕೆ ಸುತ್ಕೊಂತಲ್ಲ, ನೋಡ್ದಾ? ಹೀರೋ ಮೊಕಕ್ಕೆ ಹಂಗೆ ಸುತ್ಕೊಂಡ್ರೆ ಜನ ನಗ್ತಾರೆ, ಇನ್ನೊಂದ್ಸಲ ಮಾಡಾನ ಅಂದ್ರು. ಎರಡ್ನೇ ಸಲ ಹಾರಬಾರ್ದು ಅಂತ ವಲ್ಲೀನ ಅಂಗಿ ಒಳಕ್ಕೆ ಸಿಗ್ಸಿದ್ರು." ನನ್ನ ಕಡೆ ತಲೆ ಹೊರಳಿಸಿ, "ಯಾರೂ ನಗ್ಲಿಲ್ಲ, ಅಲ್ವಾ?" ಎಂದು ಕೇಳಿದರು.

"ಇಲ್ಲ. ಯಾರೂ ನಗಲಿಲ್ಲ."

ನಾನು ಕತ್ತಲ ಕೋಣೆಯಲ್ಲಿ ನಿಂತು ಕಿರುಚಿದ್ದು ಏನೂ ಆಗದ ಬೀಳುವಿಕೆಗೆ. ಆ ಸಲ ಬಿದ್ದ ಮೇಲೆ ಇವರು ಹುಲ್ಲಿನಿಂದೆದ್ದು, ಮೈ ಕೊಡವಿಕೊಂಡು, ಗುಡ್ಡ ಹತ್ತಿ ವಾಪಸ್ಸು ಹೋಗಿದ್ದರು. ಬೆನ್ನು ಮುರಿದ ಬೀಳುವಿಕೆಯನ್ನು ಪರದೆಯ ಮೇಲೆ ಯಾರೂ ನೋಡಲೇ ಇಲ್ಲ.

ಮದ್ರಾಸಿಗೆ ವಾಪಸಾದ ಮೇಲೆ ನಿರ್ದೇಶಕರನ್ನು ಹುಡುಕಿಕೊಂಡು ಹೋದೆ. ಅವರು ಸ್ಟುಡಿಯೋ ಕ್ಯಾಂಟೀನಿನಲ್ಲಿ ಒಬ್ಬರೇ ಕೂತಿದ್ದರು. ನೇರವಾಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಎರಡನೇದು ಉಪಯೋಗಕ್ಕೆ ಬರಲಿಲ್ಲಮ್ಮ. ಅವನು ಬಿದ್ದ ರೀತಿಗೆ ಕ್ಯಾಮೆರಾದವರು ಗಾಬರಿಯಾಗಿ ಕೈ ಬಿಟ್ಟುಬಿಟ್ರು. ಬರೀ ಆಕಾಶ ಬಂದಿತ್ತು."

"ಮೊದಲನೇದೇ ಸಾಕಾಗಿತ್ತಲ್ಲ ಸಾರ್."

ಅವರು ಆರಿದ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದರು. "ಸಾಕಾಗಿತ್ತಮ್ಮ" ಅಂದರು.

ಅವರನ್ನು ಬೈಯಬೇಕೆಂದೇ ಹೋಗಿದ್ದೆ. ಬೈಗುಳ ಬರಲಿಲ್ಲ. ಅವರು ತಮ್ಮ ಮುಂದಿನ ಚಿತ್ರದ ನಾಯಕಿಗೆ ಮೊದಲಿಂದ ಕೊನೆಯವರೆಗೂ ನೀನೇ ದನಿ ಕೊಡಬೇಕು ಅಂದರು. ಒಪ್ಪಿಕೊಂಡೆ. ಒಪ್ಪದಿದ್ದರೆ ಮಾದಿಹಳ್ಳಿಗೆ ಔಷಧಿ ಹೋಗುತ್ತಿರಲಿಲ್ಲ. ಇಷ್ಟು ಸಣ್ಣ ಚಿತ್ರರಂಗದಲ್ಲಿ ಒಬ್ಬರ ಮೇಲೆ ಮುನಿಸಿಕೊಂಡು ಇನ್ನೊಬ್ಬರ ಹತ್ತಿರ ಹೋಗುತ್ತೇನೆಂದರೆ ಆ ಇನ್ನೊಬ್ಬರು ಅವರ ಪಕ್ಕದಲ್ಲೇ ಕೂತಿರುತ್ತಿದ್ದರು.

ಇವರು ಆಮೇಲೆ ಸಿನಿಮಾದ ಮಾತು ಬಿಟ್ಟುಬಿಟ್ಟರು. ಮೊದಲು ಊರ ಹುಡುಗರು ಬಂದರೆ ಕುದುರೆಯಿಂದ ಬಿದ್ದದ್ದು, ಬೆಂಕಿಯೊಳಗಿಂದ ಹಾರಿದ್ದು ಎಲ್ಲ ಹೇಳುತ್ತಿದ್ದವರು, ಈಗ ಯಾರಾದರೂ ಕೇಳಿದರೆ ನಿದ್ದೆ ಬಂದವರ ಹಾಗೆ ಮಲಗಿರುತ್ತಿದ್ದರು. ನಾನು ಊರಿಗೆ ಹೋದಾಗ ಕೈ ಹಿಡಿದುಕೊಳ್ಳುತ್ತಿದ್ದರು, ತೆಂಗಿನ ಫಸಲಿನ ಬಗ್ಗೆ ಕೇಳುತ್ತಿದ್ದರು. ಬೆನ್ನಿನ ಹುಣ್ಣು ವಾಸಿಯಾಗದೆ ನಂಜೇರಿ ಎಂಬತ್ತರ ದಶಕದ ನಡುವೆ ಒಂದು ಮಳೆಗಾಲದಲ್ಲಿ ತೀರಿಕೊಂಡರು. ನಾನು ಮದ್ರಾಸಿನಲ್ಲಿ ಒಂದು ಮದುವೆ ಮನೆಯ ಹಾಸ್ಯಚಿತ್ರಕ್ಕೆ ಮೈಕಿನ ಮುಂದೆ ನಗುತ್ತಿದ್ದೆ. ದಿನಸಿ ಅಂಗಡಿಯವರು ಸ್ಟುಡಿಯೋಕ್ಕೆ ಆಳು ಕಳಿಸಿದ್ದರಂತೆ. ಒಳಗೆ ದನಿ ಹಿಡಿಯುತ್ತಿದ್ದಾರೆ ಎನ್ನುವ ಕೆಂಪು ದೀಪ ಬಾಗಿಲ ಮೇಲೆ ಉರಿಯುತ್ತಿದ್ದದ್ದರಿಂದ ಅವನು ಬಾಗಿಲಾಚೆ ಕಾದು ನಿಂತಿದ್ದ. ನಾನು ಮಾದಿಹಳ್ಳಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು.

ಅಷ್ಟರಲ್ಲಿ ಕನ್ನಡದವರೆಲ್ಲ ಮದ್ರಾಸು ಬಿಟ್ಟು ಬೆಂಗಳೂರಿಗೆ ಬರತೊಡಗಿದ್ದರು. ನಾನೂ ಬಂದೆ. ಅತ್ತೆಯನ್ನು ಕರೆದೆ. ಮೈದುನ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ, ಆದರೂ ಅವರು ಬಟ್ಟೆ ಗಂಟು ಕಟ್ಟಿಕೊಂಡು ಬಂದುಬಿಟ್ಟರು. "ಅಲ್ಲಿ ಯಾರನ್ನ ತಿರುಗ್ಸಿ ಮಲುಗ್ಸ್ಲಿ?" ಅಂದರು.

ಭಾನುವಾರ ಟೀವಿಯಲ್ಲಿ ಸಿನಿಮಾ ಹಾಕುತ್ತಿದ್ದರು. ಒಂದು ವಾರ ನಾನು ನಾಯಕಿಗೂ ಅವಳ ಸವತಿಗೂ ಇಬ್ಬರಿಗೂ ದನಿ ಕೊಟ್ಟಿದ್ದ ಚಿತ್ರ ಬಂತು. ಅತ್ತೆ ಗೋಡೆಗೊರಗಿ ಕಾಲು ಚಾಚಿ ನೋಡುತ್ತಿದ್ದರು.

"ಇವ್ಳು ನೀನಾ?"

"ಹೂಂ ಅತ್ತೆ."

"ಮತ್ತೆ ಆ ಇನ್ನೊಬ್ಳು?"

"ಅವಳೂ ನಾನೇ."

"ನಿನ್ ಜತೆ ನೀನೇ ಇಷ್ಟು ಜಗಳ ಆಡ್ತೀಯೇನೇ?" ಎಂದು ಬಾಯಿ ಬಿಟ್ಟು ನಕ್ಕರು. ಅವರು ನಕ್ಕದ್ದನ್ನು ನಾನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ನನಗೂ ನಗು ಬಂತು. ಅಷ್ಟರಲ್ಲಿ ಪರದೆಯ ಮೇಲೆ ಹೊಡೆದಾಟ ಶುರುವಾಗಿ ಯಾರೋ ಮಹಡಿಯ ಕಟಕಟೆ ಮುರಿದುಕೊಂಡು ಕೆಳಕ್ಕೆ ಬಿದ್ದ. ಅತ್ತೆ ಸೆರಗು ಸರಿ ಮಾಡಿಕೊಂಡು, ನೆಲಕ್ಕೆ ಕೈಯೂರಿ ಎದ್ದರು.

"ಒಲೆ ಮ್ಯಾಲೆ ಹಾಲಿಟ್ಟಿವ್ನಿ, ನೋಡ್ಬತ್ತೀನಿ" ಅಂದರು. ಒಲೆ ಹಚ್ಚಿರಲಿಲ್ಲ. ನಾನು ಎದ್ದು ಟೀವಿ ಆರಿಸಿ, ಅವರ ಹಿಂದೆಯೇ ಅಡುಗೆಮನೆಗೆ ಹೋದೆ.